ಮಾಲ್ಟಾದಲ್ಲಿ ಏನು ತಿನ್ನಬಹುದು?

ಮಸ್ಕತ್ತಿನ ಖುರುಮ್‌ನ ಟ್ರಾವೆಲ್ ಆಫೀಸಿನಲ್ಲಿ ಕುಳಿತು ಒಂಬತ್ತು ವರ್ಷ ಮಾಲ್ಟಾ ದ್ವೀಪವನ್ನು ಮಾರಿದವಳು ನಾನು. ಟಿಕೆಟ್ಟು, ಹೋಟೆಲು ಎಲ್ಲರೂ ಮಾರುತ್ತಾರೆ, ಅದರಲ್ಲೇನು ದೊಡ್ಡಸ್ತಿಕೆ? ನನ್ನ ಹೆಚ್ಚುಗಾರಿಕೆ ಇದ್ದದ್ದು ಊಟದ ವರ್ಣನೆಯಲ್ಲಿ. ಬಾಯಲ್ಲಿಟ್ಟರೆ ಕರಗುವ ಚೀಸ್ ಪಫ್, ಪಾಲಕ್ ಸೇರಿಸಿದ ಮೀನಿನ ಪೈ, ಕಹಿ ಕಿತ್ತಳೆಯ ಸೋಡಾ! ಗಿರಾಕಿಗಳು ಹುಡುಗರಾದರೆ ದನಿ ತಗ್ಗಿಸಿ ಡ್ಯಾನ್ಸ್ ಕ್ಲಬ್ಬುಗಳ ಬೀದಿಯ ಬಗ್ಗೆ ಹೇಳುತ್ತಿದ್ದೆ. ಸಂಸಾರಸ್ಥರಾದರೆ ಅದೇ ಬೀದಿ ಐಸ್‌ಕ್ರೀಮ್ ತಿನ್ನುತ್ತ ಅಡ್ಡಾಡುವ ಜಾಗವಾಗುತ್ತಿತ್ತು. ಆದರೆ ಮಾಲ್ಟಾವನ್ನು ನಾನು ಕಣ್ಣಿಂದ ಕಂಡವಳೇ ಅಲ್ಲ. ಮಸ್ಕತ್ ಬಿಟ್ಟರೆ ಮಂಗಳೂರು, ಮಂಗಳೂರು ಬಿಟ್ಟರೆ ಮಸ್ಕತ್. ಹೆಡ್ ಆಫೀಸಿನವರು ಕಳಿಸಿದ ನಾಲ್ಕು ಪುಟದ ಕಾಗದವೇ ನನ್ನ ಬಂಡವಾಳ.

ಪಕ್ಕದ ಮೇಜಿನ ಉಡುಪಿಯವರಿಗೆ ಇದು ಗೊತ್ತಿತ್ತು. "ಎಂತ ಬಾಯಮ್ಮ, ಮಾಲ್ಟಾದಲ್ಲಿ ಇವತ್ತು ಎಂತ ಪದಾರ್ಥ?" ಎಂದು ರೇಗಿಸುತ್ತಿದ್ದರು.

"ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಮಾರಾಯ್ರೆ. ನಿಮ್ಮ ಕೆಲಸ ನೋಡಿ!"

ಅವರ ಮಾತು ನಿಜವಾದ್ದರಿಂದಲೇ ನನಗೆ ಅಷ್ಟು ಸಿಟ್ಟು ಬರುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಇಬ್ರಿಯಿಂದ ಒಬ್ಬ ಒಮಾನಿ ಬಂದರು, ಜೊತೆಗೆ ವಯಸ್ಸಾದ ತಾಯಿ. ತಾಯಿ ದೇಶ ಬಿಟ್ಟು ಹೊರಟದ್ದು ಅದೇ ಮೊದಲು. ಮಗನದ್ದು ಒಂದೇ ಪ್ರಶ್ನೆ: "ಅಲ್ಲಿನ ಊಟ ಅಮ್ಮನಿಗೆ ಸೇರುತ್ತದಾ, ಸಿಸ್ಟರ್? ಶುಗರ್ ಇದೆ, ಹಸಿದಿರಬಾರದು." ನಾನು ಠೀವಿಯಿಂದ, "ನಾನೇ ತಿಂದು ಬಂದಿದ್ದೇನೆ, ಯೋಚನೆ ಬೇಡ" ಎಂದುಬಿಟ್ಟೆ.

ಅವರು ಹೋದ ಮೂರನೆಯ ದಿನ ಮಧ್ಯಾಹ್ನ ಮಗನ ಫೋನು ಬಂತು. ತಾಯಿ ಸರಿಯಾಗಿ ಏನೂ ತಿಂದಿಲ್ಲ. ಹಲಾಲೋ ಅಲ್ಲವೋ ಎಂದು ಮಾಂಸ ಬೇಡ. ಹಿಟ್ಟಿನೊಳಗೆ ಮುಚ್ಚಿಟ್ಟ ಮೀನು, ಅದರ ಮುಖ ನೋಡದೆ ತಿನ್ನುವುದಿಲ್ಲ ಎಂದು ಪೈ ಕೂಡ ಬೇಡ. ಬೆಳಿಗ್ಗೆ ತಲೆ ತಿರುಗಿ ಕುಸಿದು ಕುಳಿತರಂತೆ. ಅಯ್ಯೋ ದೇವರೇ! ಕಿವಿರು ಎತ್ತಿ ನೋಡದೆ ಬಂಗುಡೆ ಕೊಳ್ಳದ ಊರಿನವಳು ನಾನು, ಆ ತಾಯಿಯ ಮಾತಿನಲ್ಲಿ ತಪ್ಪೇನಿತ್ತು?

ಅಷ್ಟರಲ್ಲಿ ತಾಯಿಯೇ ಫೋನು ಕಿತ್ತುಕೊಂಡರು. "ಮಗಳೇ, ಇಲ್ಲಿಗೆ ಬಂದಾಗ ನೀನೇನು ತಿಂದೆ? ನನಗೂ ಅದನ್ನೇ ಹೇಳು."

ಇನ್ನೊಂದು ಸುಳ್ಳು ಬಾಯಿಗೆ ಬಂತು, ಆದರೆ ಹೇಳಲಾಗಲಿಲ್ಲ. ನನ್ನ ಹರುಕುಮುರುಕು ಅರಬಿಯಲ್ಲಿ, "ಅಮ್ಮಾ, ನಾನು ಅಲ್ಲಿಗೆ ಬಂದೇ ಇಲ್ಲ. ಕಾಗದ ನೋಡಿ ಹೇಳುವುದು" ಎಂದೆ. ಉಡುಪಿಯವರು ತಲೆಯೆತ್ತಿ ನೋಡಿದರು. ನನ್ನ ಕೆಲಸ ಖಲಾಸ್ ಎಂದುಕೊಂಡೆ.

"ಹಾಗಾದರೆ ಓದು," ಎಂದರು ತಾಯಿ.

ಇಂಗ್ಲಿಷ್ ಅಕ್ಷರದಲ್ಲಿದ್ದ ಆ ಊರಿನ ತಿಂಡಿಗಳ ಹೆಸರನ್ನು ಒಂದೊಂದಾಗಿ ಓದಿದೆ. "ಹೋಬ್ಜ್ ಬಿಜ್ ಜೆಜ್ಟ್..."

"ತಡಿ, ಅದೇನದು?"

"ಬ್ರೆಡ್ಡು ಅಮ್ಮಾ. ಮೇಲೆ ಎಣ್ಣೆ, ಟೊಮೆಟೊ, ಈರುಳ್ಳಿ."

"ಖುಬ್ಜ್ ಬಿ ಜೈತ್!" ಎಂದು ಕೂಗಿದರು. "ಎಣ್ಣೆ ಹಾಕಿದ ರೊಟ್ಟಿ ಕಣೇ! ಇದು ನಮ್ಮದೇ ಮಾತು!"

ಅಲ್ ಅಮೇರಾತ್‌ನ ನಮ್ಮ ಮನೆ ಪಕ್ಕದ ಅಂಗಡಿಯಲ್ಲಿ ದಿನಾ ಖುಬ್ಜ್ ಕೇಳಿ ಕೊಳ್ಳುವವಳು ನಾನು. ಒಂಬತ್ತು ವರ್ಷ ಆ ಕಾಗದ ಓದಿದರೂ ಮಾಲ್ಟಾದವರ ಮಾತು ಅರಬಿಯ ನೆಂಟ ಎಂದು ಹೊಳೆದಿರಲಿಲ್ಲ, ನನ್ನ ಬುದ್ಧಿಗಿಷ್ಟು! ಅಲ್ಲಿ ತಾಯಿ ಯಾರನ್ನೋ ಕರೆದು, "ಖುಬ್ಜ್! ಜೈತ್! ಬಸಲ್!" ಎಂದು ರೊಟ್ಟಿ, ಎಣ್ಣೆ, ಈರುಳ್ಳಿ ಕೇಳುತ್ತಿದ್ದರು. ಹೋಟೆಲಿನವನು ನಗುತ್ತ ಅವೇ ಮಾತುಗಳನ್ನು ತನ್ನ ರಾಗದಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಫೋನು ಇಡಲು ಮನಸ್ಸಾಗಲಿಲ್ಲ. ತಟ್ಟೆ ಇಟ್ಟ ಸದ್ದು ಬಂತು, ಆಮೇಲೆ "ಬಿಸ್ಮಿಲ್ಲಾ", ಆಮೇಲೆ ಗರಿಗರಿ ರೊಟ್ಟಿ ಕಚ್ಚಿದ ಸದ್ದು. "ತಿಂತಾ ಇದ್ದಾರೆ, ಸಿಸ್ಟರ್" ಎಂದು ಮಗ ಹೇಳಿದಾಗ ನನಗೆ ಅಳುವೇ ಬಂತು.

ತಾಯಿ ಬಾಯಲ್ಲಿ ತುತ್ತು ಇಟ್ಟುಕೊಂಡೇ ಮತ್ತೆ ಫೋನಿಗೆ ಬಂದರು. "ಚೆನ್ನಾಗಿದೆ ಮಗಳೇ. ಇನ್ನು ಮೇಲೆ ಸುಳ್ಳು ಹೇಳಬೇಡ. ಇಬ್ರಿಯ ಒಬ್ಬಳು ಮುದುಕಿ ತಿಂದಿದ್ದಾಳೆ ಅಂತ ಹೇಳು."