ಹಲಗೆ ಎಳೆಯುವ ಲೋರ್ನಾ

ಗೋಧಿ ಹೊಲಗಳ ಮೇಲೆ ಇಬ್ಬನಿ ಇನ್ನೂ ಬೆಳ್ಳಗೆ ಹೆಪ್ಪುಗಟ್ಟಿದೆ. ಪೂರ್ವದ ಬೇಲಿಯಾಚೆ ಬೆಳಕು ಈಗಷ್ಟೇ ತಿಳಿಯಾಗುತ್ತಿದೆ. ಕಲ್ಡೂರಾ ಗಾಲ್ಫ್ ಮೈದಾನದ ಗೇಟಿನ ಸರಪಳಿ ಸದ್ದು ಮಾಡುತ್ತದೆ, ಒಂದು ಹಳೆಯ ಪಿಕಪ್ ಗಾಡಿ ಒಳಗೆ ಬಂದು ನಿಲ್ಲುತ್ತದೆ. ಅದರಿಂದ ಇಳಿಯುವ ಲೋರ್ನಾ ಟ್ರಿಜೀಸ್ ಮೊದಲು ಎರಡೂ ಅಂಗೈಗಳನ್ನು ಎಂಜಿನ್ ಮುಚ್ಚಳದ ಮೇಲಿಟ್ಟು ಬಿಸಿ ಮಾಡಿಕೊಳ್ಳುತ್ತಾರೆ. ಆಮೇಲೆ ಫ್ಲಾಸ್ಕಿನಿಂದ ಅರ್ಧ ಲೋಟ ಚಹಾ. ಉಳಿದರ್ಧ ಕೊನೆಯದಾದ ಒಂಬತ್ತನೇ ಗ್ರೀನ್ ಮುಗಿದ ಮೇಲೆ.

ಕಲ್ಡೂರಾದಲ್ಲಿ, ಚೆಂಡು ಬೀಳಬೇಕಾದ ಕುಳಿಯ ಸುತ್ತ ಹುಲ್ಲು ಬೆಳೆಸುವಷ್ಟು ನೀರು ಯಾವತ್ತೂ ಇರಲಿಲ್ಲ. ಇಲ್ಲಿನ ಗ್ರೀನ್ ಎಂದರೆ ಮರಳು ಹಾಸಿದ ದುಂಡನೆಯ ಅಂಗಳ. ಗಾಳಿಗೆ ಹಾರಿಹೋಗದಂತೆ ಎಣ್ಣೆ ಬೆರೆಸಿರುವುದರಿಂದ ಮರಳು ಕಪ್ಪಗಿದೆ. ಪ್ರತಿ ಗ್ರೀನಿನ ಪಕ್ಕದಲ್ಲೂ ಒಂದು ಗೂಟ, ಗೂಟಕ್ಕೆ ತಗುಲಿಸಿದ ಉದ್ದ ಹಿಡಿಯ ಹಲಗೆ. ಲೋರ್ನಾ ಹಲಗೆಯನ್ನು ಕುಳಿಯ ಅಂಚಿಗೆ ಇಟ್ಟು, ಹಿಂದಕ್ಕೆ ಹೆಜ್ಜೆಯಿಡುತ್ತಾ ಸುತ್ತು ಹಾಕುತ್ತಾರೆ. ಸುತ್ತು ದೊಡ್ಡದಾಗುತ್ತಾ ಆಗುತ್ತಾ ಅಂಚು ಮುಟ್ಟುತ್ತದೆ. ರಾತ್ರಿ ಓಡಾಡಿದ ಮೊಲ, ಕಾಂಗರೂಗಳ ಗುರುತುಗಳೆಲ್ಲ ಅಳಿಸಿ, ಆಗ ತಾನೇ ತಟ್ಟಿ ಹಾಸಿದ ಬಟ್ಟೆಯಂತೆ ಮರಳು ಮಲಗುತ್ತದೆ.

"ಬೇಗ ಎಳೆದ್ರೆ ಮರಳು ಎಗರುತ್ತೆ. ನಿಧಾನ ಮಾಡಿದ್ರೆ ಹಲಗೆ ಕಚ್ಕೊಳ್ಳುತ್ತೆ. ಅವೆರಡರ ಮಧ್ಯೆ ಒಂದು ನಡಿಗೆ ಇದೆ, ಅದು ಕಾಲಿಗೆ ಗೊತ್ತಾಗ್ಬೇಕು," ಎನ್ನುತ್ತಾರೆ ಲೋರ್ನಾ. ಮಾತಾಡುವಾಗಲೂ ಕಣ್ಣು ಮರಳಿನ ಮೇಲೇ.

ಅರವತ್ತೇಳರ ಲೋರ್ನಾ ಈ ಕೆಲಸಕ್ಕೆ ಬಂದದ್ದು ಎರಡು ವಾರದ ಮಟ್ಟಿಗೆ. ಮೈದಾನ ನೋಡಿಕೊಳ್ಳುತ್ತಿದ್ದ ಗಂಡ ಲೆನ್ ಬೆನ್ನುನೋವಿನಿಂದ ಮಲಗಿದಾಗ, "ನೀನು ಎದ್ದು ಓಡಾಡೋ ತನಕ" ಎಂದು ಹಲಗೆ ಹಿಡಿದರು. ಲೆನ್ ಎದ್ದು ಓಡಾಡಿದರು, ಆದರೆ ಬಗ್ಗಿ ಕೆಲಸ ಮಾಡಲಾಗಲಿಲ್ಲ. ಆರು ವರ್ಷದ ಹಿಂದೆ ತೀರಿಕೊಂಡರು. ಎರಡು ವಾರ ಹತ್ತೊಂಬತ್ತು ವರ್ಷವಾಯಿತು. ಅದಕ್ಕೂ ಮೊದಲು ಲೋರ್ನಾ ಕುರಿ ಉಣ್ಣೆ ಕತ್ತರಿಸುವವರ ತಂಡಕ್ಕೆ ಅಡುಗೆ ಮಾಡುತ್ತಾ ಶೆಡ್ಡಿನಿಂದ ಶೆಡ್ಡಿಗೆ ಅಲೆದವರು. ಬೆಳಗಿನ ಜಾವ ಏಳುವುದು ಅಲ್ಲಿಂದಲೇ ಮೈಗೆ ಹತ್ತಿದೆ. ದೊಡ್ಡ ಪಾತ್ರೆಗಳನ್ನು ಎತ್ತಿ ಎತ್ತಿ ಬಲಭುಜ ಸೋತದ್ದೂ ಅಲ್ಲೇ. ಹಲಗೆ ಎಳೆಯಬಲ್ಲರು, ಆದರೆ ಗಾಲ್ಫ್ ಕೋಲನ್ನು ಹೆಗಲ ಮೇಲಕ್ಕೆ ಬೀಸಲು ಈಗ ಆಗುವುದಿಲ್ಲ.

ಗುರುವಾರ ಮಧ್ಯಾಹ್ನ ಊರಿನವರು ಅಭ್ಯಾಸಕ್ಕೆ ಬರುತ್ತಾರೆ. ಕಲಿಸಲು ಲೋರ್ನಾರನ್ನು ಯಾರೂ ನೇಮಿಸಿಲ್ಲ. ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಿರುತ್ತಾರೆ, ಅಷ್ಟೆ. ಆದರೂ ಬಕೆಟ್ ತುಂಬ ಚೆಂಡು ತಂದವರನ್ನು ಕಂಡರೆ ಸುಮ್ಮನಿರಲು ಆಗುವುದಿಲ್ಲ.

ಪೆಟ್ರೋಲ್ ಬಂಕ್ ನಡೆಸುವ ಮೆರ್ವ್ ಹೊಕಿಂಗ್ ಕ್ಲಬ್ಬಿನ ಅಧ್ಯಕ್ಷ. ಒಂದು ಗುರುವಾರ ಅವರು ಒಂದರ ಹಿಂದೊಂದು ಚೆಂಡು ಬಾರಿಸುತ್ತಾ ಬೆವರುತ್ತಿದ್ದರು.

"ಮೆರ್ವ್, ಏನು, ಕಂಬಳಿ ಧೂಳು ಕೊಡವ್ತಾ ಇದ್ದೀಯಾ?" ಲೋರ್ನಾ ಕೇಳಿದರು.

"ಅಭ್ಯಾಸ ಮಾರಾಯ್ತಿ, ಅಭ್ಯಾಸ."

"ಈಗ ಹೊಡೆದದ್ದು ಎಲ್ಲಿಗೆ ಹೋಗ್ಬೇಕಿತ್ತು?"

ಮೆರ್ವ್ ಯೋಚಿಸಿದರು. "ಆ ಕಡೆಗೆ."

"ಆ ಕಡೆ ಅಂದ್ರೆ ಅಡಿಲೇಡ್ ತನಕ ಇದೆ."

ಬಕೆಟ್ಟನ್ನು ದೂರವಿಡಿಸಿ ಒಂದೇ ಚೆಂಡು ಕೈಗೆ ಕೊಟ್ಟರು. ಲೋರ್ನಾ ಹೇಳುವ ಕ್ರಮ ಇಷ್ಟೇ. ಹೊಡೆಯುವ ಮೊದಲು ಚೆಂಡು ಎಲ್ಲಿ ಬೀಳಬೇಕೆಂದು ಬಾಯಿಬಿಟ್ಟು ಹೇಳಬೇಕು. ಹೊಡೆದ ಮೇಲೆ ನಡೆದು ಹೋಗಿ ಅದು ಎಲ್ಲಿ ಬಿದ್ದಿದೆ ಎಂದು ನೋಡಬೇಕು. ಕುಳಿಗೆ ಉರುಳಿಸುವುದನ್ನು ಒಂದು ಹೆಜ್ಜೆ ದೂರದಿಂದ ಶುರು ಮಾಡಬೇಕು, ಅಲ್ಲಿಂದ ಸತತ ಹತ್ತು ಸಲ ಬೀಳದೆ ಎರಡನೇ ಹೆಜ್ಜೆಗೆ ಹೋಗಕೂಡದು. ಕೈ ಸೋತ ಮೇಲೆ ಒಂದು ಹೊಡೆತವನ್ನೂ ಹೊಡೆಯಕೂಡದು. "ಸೋತ ಕೈ ತಪ್ಪನ್ನೇ ಕಲಿಯುತ್ತೆ. ಮನೆಗೆ ಹೋಗಿ ಸೂಪ್ ಕುಡಿ," ಎನ್ನುತ್ತಾರೆ. ಆ ದಿನ ಮೆರ್ವ್ ಎರಡನೇ ಹೆಜ್ಜೆಗೆ ಹೋಗುವಷ್ಟರಲ್ಲಿ ಕತ್ತಲಾಗುತ್ತಾ ಬಂದಿತ್ತು. ಹೆಂಡತಿ ಫೋನು ಮಾಡಿ, ಊಟಕ್ಕೆ ಮಾಡಿದ ಪೇಸ್ಟಿ ತಣ್ಣಗಾಗಿದೆ, ಕ್ಲಬ್ಬಿನಲ್ಲೇ ಮಲಗ್ತೀರಾ ಎಂದು ಕೇಳಿದರಂತೆ.

ಇನ್ನು ಮೈದಾನದ ನಡವಳಿಕೆ. ಬೇರೆಯವರು ಹೊಡೆಯುವಾಗ ಅಲುಗಾಡಬಾರದು, ನೆರಳು ಅವರ ದಾರಿಗೆ ಬೀಳಬಾರದು, ಹಿಂದಿನವರು ಬೇಗ ಆಡುವವರಾದರೆ ಬದಿಗೆ ಸರಿದು ಬಿಡಬೇಕು. ಇವೆಲ್ಲ ಎಲ್ಲ ಕಡೆಯೂ ಇರುವಂಥವೇ. ಕಲ್ಡೂರಾದಲ್ಲಿ ಇವೆಲ್ಲಕ್ಕಿಂತ ದೊಡ್ಡದೊಂದಿದೆ. ಗುಂಪಿನಲ್ಲಿ ಕೊನೆಗೆ ಚೆಂಡು ಕುಳಿಗೆ ಹಾಕಿದವರು ಹಲಗೆ ಎಳೆದು, ತಮ್ಮ ಹೆಜ್ಜೆಗಳನ್ನು ಅಳಿಸಿಯೇ ಮುಂದೆ ಹೋಗಬೇಕು. ಬೆಳಿಗ್ಗೆ ಲೋರ್ನಾ ಎಳೆದದ್ದು ಮೊದಲ ಗುಂಪಿಗೆ. ಆಮೇಲಿನದು ಆಡುವವರ ಪಾಲು.

ಈ ಚಳಿಗಾಲದಲ್ಲಿ ರಗಳೆಯಾದದ್ದು ಇದೇ ವಿಷಯಕ್ಕೆ.

ಡಾರಿಲ್ ನೋಯಾಕ್ ಗೋಧಿ ಬೆಳೆಯುವ ರೈತ, ವಯಸ್ಸು ನಲವತ್ತೊಂದು. ಲೋರ್ನಾ ಕಣ್ಣೆದುರೇ ಬೆಳೆದವನು. ಕ್ಲಬ್ಬಿನಲ್ಲಿ ಅವನಷ್ಟು ಚೆನ್ನಾಗಿ ಆಡುವವರು ಇಲ್ಲ. ಒಂದು ಗುರುವಾರ ಅವನು ಮೂರನೇ ಗ್ರೀನಿನಲ್ಲಿ ಆಡಿ, ಬೂಟಿನ ಹಿಮ್ಮಡಿ ಗುರುತುಗಳನ್ನು ಹಾಗೆಯೇ ಬಿಟ್ಟು ಕ್ಲಬ್ಬಿಗೆ ಬಂದು ಬಿಯರ್ ತೆರೆದ. ಅದು ಮೊದಲ ಸಲವೇನಲ್ಲ. ಅಂದು ಲೋರ್ನಾ ಭುಜ ನೋಯುತ್ತಿತ್ತು.

"ಡಾರಿಲ್, ಮೂರನೇ ಗ್ರೀನ್ ನಿನ್ನನ್ನ ಕೇಳ್ತಾ ಇದೆ. ಕುದುರೆ ತಂದು ಓಡಿಸಿದ್ಯಾ ಅಂತ," ಎಂದರು. ಬಾರಿನಲ್ಲಿದ್ದವರೆಲ್ಲ ನಕ್ಕರು.

ಡಾರಿಲ್ ಮುಖ ಕೆಂಪಾಯಿತು. "ಅದು ನಿನ್ನ ಕೆಲಸ ಅಲ್ವಾ? ನಂಗೆ ಎಳಿಯೋಕೆ ಹೊಲದಲ್ಲಿ ಬೇಕಾದಷ್ಟಿದೆ."

"ಹೊಲದಲ್ಲಿ ನಿನ್ನ ಹಿಂದೆ ಯಾರೂ ಆಡೋಕೆ ಬರಲ್ಲ."

ಮತ್ತೆ ನಗು. ಡಾರಿಲ್ ಬಾಟಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. "ಬರೋ ವಾರ ಶನಿವಾರಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ," ಎಂದು ಹೊರಟೇಬಿಟ್ಟ. ಆಗ ನಗು ನಿಂತಿತು.

ಯಾಕೆಂದರೆ ಆ ಶನಿವಾರ ಪಕ್ಕದೂರು ಪಿಂಡಿಲ್ಲಾ ಜೊತೆ ಪಂದ್ಯ. ತಂಡಕ್ಕೆ ಎಂಟು ಜನ ಬೇಕು, ಡಾರಿಲ್ ಸೇರಿ ಸರಿಯಾಗಿ ಎಂಟೇ ಜನರಿದ್ದರು. ಮೇ ತಿಂಗಳಲ್ಲಿ ಇಬ್ಬರು ಬಿತ್ತನೆ ಬಿಟ್ಟು ಬರಲಾಗದೆ ಒಂದು ಪಂದ್ಯ ಆಗಲೇ ತಪ್ಪಿತ್ತು. ಎರಡನೆಯದೂ ತಪ್ಪಿದರೆ ಜಿಲ್ಲೆಯ ಸಂಘ ಕಲ್ಡೂರಾವನ್ನು ಕೈಬಿಡುತ್ತದೆ. ಪಂದ್ಯಗಳಿಲ್ಲದ ಮೈದಾನವನ್ನು ಊರಾಡಳಿತ ಕುರಿ ಮೇಯಿಸಲು ಕೊಡುವುದಾಗಿ ಹೋದ ವರ್ಷವೇ ಹೇಳಿದೆ.

ಸೋಮವಾರ ಮೆರ್ವ್ ಬಂದು ಮರಳಿನ ಅಂಚಿನಲ್ಲಿ ನಿಂತರು. ಮರಳ ಮೇಲೆ ಕಾಲಿಡುವ ಧೈರ್ಯ ಅವರಿಗೆ ಅಂದು ಇರಲಿಲ್ಲ.

"ಲೋರ್ನಾ, ಒಂದು ಮಾತು ಸಾರಿ ಅಂದ್ಬಿಡು."

"ಏನಂತ? ಹೆಜ್ಜೆ ಬಿಟ್ಟು ಹೋದದ್ದು ಸರಿ ಅಂತಾನಾ?"

"ಏನಂತಾದ್ರೂ ಅನ್ನು. ಎಂಟನೆಯವನು ಬೇಕು ನಂಗೆ. ನನ್ನ ಹೆಂಡ್ತೀನ ಕೇಳಿದೆ, ಆಡೋದಿಲ್ಲ, ಹೊಡಿಯೋದಾದ್ರೆ ನಿಮ್ಮನ್ನೇ ಹೊಡೀತೀನಿ ಅಂದ್ಳು."

ಲೋರ್ನಾ ನಗಲಿಲ್ಲ. ಆ ಸಂಜೆ ಮನೆಯಲ್ಲಿ ಕೂತು ಯೋಚಿಸಿದರು. ಹೇಳಿದ ವಿಷಯ ಸರಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೂ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಏನೆಂದು ಮರುದಿನ ಬೆಳಿಗ್ಗೆ ತಿಳಿಯಿತು.

ಮಂಗಳವಾರ ಮೂರನೇ ಗ್ರೀನಿಗೆ ಬಂದು ನೋಡಿದರೆ ಮರಳು ವಿಚಿತ್ರವಾಗಿ ಕಂಡಿತು. ಯಾರೋ ಹಿಂದಿನ ಸಂಜೆ ಬಂದು ಹಲಗೆ ಎಳೆದಿದ್ದರು. ಎಳೆದದ್ದು ಮಾತ್ರ ಅಂಚಿನಿಂದ ಕುಳಿಯ ಕಡೆಗೆ. ಸುತ್ತಲಿನ ಮರಳೆಲ್ಲ ಒಳಕ್ಕೆ ಬಂದು ಕುಳಿಯ ಸುತ್ತ ಗುಡ್ಡೆಯಾಗಿತ್ತು. ಅಲ್ಲಿ ಆಡಿದರೆ ಯಾವ ಚೆಂಡೂ ಕುಳಿಗೆ ಬೀಳದು, ಗುಡ್ಡೆ ಹತ್ತಿ ಪಕ್ಕಕ್ಕೆ ಜಾರುತ್ತದೆ. ಎಳೆದವರು ಮಧ್ಯದಲ್ಲಿ ಸಿಕ್ಕಿಕೊಂಡು, ಹೊರಗೆ ಬರಲು ಸಮ ಮಾಡಿದ ಮರಳನ್ನೇ ತುಳಿದಿದ್ದರು. ಅಂಚಿನವರೆಗೂ ಹೆಜ್ಜೆಗಳು. ದೊಡ್ಡ ಬೂಟು, ಆಳವಾದ ಹಿಮ್ಮಡಿ.

ಲೋರ್ನಾ ಹಲಗೆಯ ಹಿಡಿಗೆ ಒರಗಿ ಆ ಹೆಜ್ಜೆಗಳನ್ನೇ ನೋಡಿದರು. ಆಗ ಅವರ ಕಣ್ಣಿಗೆ ಕಟ್ಟಿದ್ದು ಡಾರಿಲ್‌ನ ಅಪ್ಪ ಎರ್ವಿನ್. ಮಗ ಹುಡುಗನಾಗಿದ್ದಾಗಿಂದ ಅಪ್ಪ ಮಗ ಜೊತೆಯಲ್ಲೇ ಆಡುತ್ತಿದ್ದರು. ಮಗ ಮುಂದೆ ಓಡುತ್ತಿದ್ದ, ಹಲಗೆ ಎಳೆಯುತ್ತಿದ್ದದ್ದು ಯಾವಾಗಲೂ ಎರ್ವಿನ್. ಎರ್ವಿನ್ ತೀರಿಕೊಂಡು ಎರಡು ವರ್ಷ. ಡಾರಿಲ್ ಹೆಜ್ಜೆ ಬಿಟ್ಟು ಹೋಗಲು ಶುರು ಮಾಡಿದ್ದೂ ಆಮೇಲೆಯೇ.

"ಅವನಿಗೆ ಸೊಕ್ಕು ಅಂದ್ಕೊಂಡಿದ್ದೆ," ಎನ್ನುತ್ತಾರೆ ಲೋರ್ನಾ. "ಅವನಿಗೆ ಎಳಿಯೋಕೆ ಬರ್ತಿರ್ಲಿಲ್ಲ. ನಾನು ಅದನ್ನೇ ಹಿಡಿದು ಎಲ್ಲರೆದುರು ನಗಿಸಿದ್ದೆ."

ಅಂದು ಉಳಿದ ಗ್ರೀನುಗಳನ್ನು ಹಾಗೆಯೇ ಬಿಟ್ಟು ಲೋರ್ನಾ ಗಾಡಿ ಹತ್ತಿದರು. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಬಿಟ್ಟದ್ದು ಲೆನ್ ತೀರಿಕೊಂಡ ದಿನ ಬಿಟ್ಟರೆ ಅದೊಂದೇ ಸಲ. ಡಾರಿಲ್ ತನ್ನ ಶೆಡ್ಡಿನಲ್ಲಿ ಔಷಧಿ ಸಿಂಪಡಿಸುವ ಯಂತ್ರದ ಕೆಳಗೆ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಬೂಟುಗಳಷ್ಟೇ. ಲೋರ್ನಾ ಬೂಟುಗಳ ಜೊತೆಯಲ್ಲೇ ಮಾತಾಡಿದರು.

"ಗುರುವಾರ ನಾನು ಎಲ್ಲರೆದುರು ಅಂದದ್ದು ತಪ್ಪು. ನಿನ್ನ ಕಾರಿನ ಹತ್ರ ಬಂದು ಹೇಳ್ಬೇಕಿತ್ತು."

ಕೆಳಗಿನಿಂದ ಮಾತು ಬಂತು. "ನೋಡಿದ್ಯಾ ಮೂರನೆಯದನ್ನ?"

"ನೋಡಿದೆ."

"ಹೇಗಿದೆ?"

"ಇರುವೆ ಗೂಡಿನ ಥರ ಇದೆ."

ಯಂತ್ರದ ಕೆಳಗಿನಿಂದ ನಗು ಕೇಳಿಸಿತು. ಆಮೇಲೆ ಅವನೇ ಹೇಳಿದ. "ಅಪ್ಪ ಎಳೀತಿದ್ದ. ನಾನು ಒಂದು ದಿನಾನೂ ತಿರುಗಿ ನೋಡಿರ್ಲಿಲ್ಲ. ಇಷ್ಟು ವಯಸ್ಸಾದ್ಮೇಲೆ, ಇದನ್ನ ಹೇಗೆ ಎಳೆಯೋದು ಅಂತ ಯಾರನ್ನ ಕೇಳಲಿ?"

"ನನ್ನನ್ನ ಕೇಳು. ನಾಲ್ಕು ಗಂಟೆಗೆ ಬಾ."

ನಾಲ್ಕಕ್ಕೆ ಬಂದ. ಮೈದಾನದಲ್ಲಿ ಇನ್ನಾರೂ ಇರಲಿಲ್ಲ. ಲೋರ್ನಾ ಆ ಹೊತ್ತನ್ನು ಆರಿಸಿದ್ದೇ ಅದಕ್ಕೆ. ಕುಳಿಯ ಅಂಚಿಗೆ ಹಲಗೆ ಇಡಿಸಿ, ಹಿಂದಕ್ಕೆ ನಡೆಸಿದರು. ಮೊದಲ ಸಲ ಮರಳು ಅಲೆಅಲೆಯಾಯಿತು.

"ಹೊಲದಲ್ಲಿ ಬಿತ್ತನೆ ಸಾಲು ದಾರ ಹಿಡಿದ ಹಾಗೆ ಬರುತ್ತಲ್ಲ ನಿನಗೆ?"

"ಅದನ್ನ ಟ್ರ್ಯಾಕ್ಟರ್ ಉಪಗ್ರಹ ಕೇಳ್ಕೊಂಡು ಮಾಡುತ್ತೆ. ನಾನು ಒಳಗೆ ಕೂತು ರೇಡಿಯೋ ಕೇಳ್ತೀನಿ."

"ಇಲ್ಲಿ ನಾನೇ ಉಪಗ್ರಹ. ಎಡಗೈ ಸಡಿಲ ಬಿಡು. ಮತ್ತೆ ಮೊದಲಿಂದ."

ಕುಳಿಗೆ ಚೆಂಡು ಉರುಳಿಸುವುದನ್ನು ಕಲಿಸುವ ಹಾಗೆಯೇ ಇದನ್ನೂ ಕಲಿಸಿದರು. ಅದೇ ಒಂದು ಗ್ರೀನ್, ಸರಿಯಾಗುವ ತನಕ. ಸರಿಯಾದ ಮೇಲೆ ಇನ್ನೊಂದು ಸಲ, ಅದು ಅದೃಷ್ಟವಲ್ಲ ಎಂದು ತಿಳಿಯಲು. ಡಾರಿಲ್ ಕೈ ಸೋಲುತ್ತಿದ್ದಂತೆ ಸಾಕೆಂದು ಮನೆಗೆ ಕಳಿಸಿದರು. ಅವನು ಹೋಗುವಾಗ ಶನಿವಾರದ ವಿಷಯ ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬುಧವಾರ ಬೆಳಿಗ್ಗೆ ಮೆರ್ವ್ ಫೋನು ಮಾಡಿದರು. "ಏನು ಮಾಡಿದ್ಯೋ ನಂಗೆ ಬೇಡ. ಎಂಟು ಜನ ಆದ್ವಿ," ಎಂದರು.

ಶನಿವಾರ ಪಿಂಡಿಲ್ಲಾದವರು ಬಂದರು. ಹೆಂಗಸರು ತಿನ್ನಲು ಸ್ಕೋನ್, ಪೇಸ್ಟಿ ಹರಡಿಟ್ಟರು. ಮಧ್ಯಾಹ್ನದ ನಂತರ ಗಾಳಿ ಎದ್ದಿತು. ಎರಡೂ ಕಡೆಯಿಂದ ಒಬ್ಬೊಬ್ಬರಂತೆ ಎದುರುಬದುರು ಆಡಿದ ಏಳು ಜೋಡಿಗಳ ಆಟ ಮುಗಿದಾಗ ಪಿಂಡಿಲ್ಲಾ ಒಂದು ಅಂಕ ಮುಂದಿತ್ತು. ಉಳಿದದ್ದು ಡಾರಿಲ್ ಜೋಡಿ, ಒಂಬತ್ತನೇ ಗ್ರೀನಿನಲ್ಲಿ. ಡಾರಿಲ್ ಚೆಂಡು ಕುಳಿಯಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಬಿದ್ದರೆ ಪಂದ್ಯ ಸಮ. ಉರುಳಿಸಿದ. ಕುಳಿಯ ತುಟಿ ಸವರಿ ಆಚೆ ಹೋಯಿತು.

ಇಂಥ ಹೊತ್ತಿನಲ್ಲಿ ಡಾರಿಲ್ ಕೋಲು ಎಸೆಯುತ್ತಿದ್ದುದನ್ನು ಕಂಡವರು ಬಹಳ. ಕ್ಲಬ್ಬಿನ ಬಾಗಿಲಲ್ಲಿ ನಿಂತಿದ್ದ ಲೋರ್ನಾ ಆ ಕೋಲನ್ನೇ ನೋಡಿದರು. ಅವನು ಎದುರಾಳಿಯ ಕೈ ಕುಲುಕಿದ, ಚೆಂಡನ್ನು ಕುಳಿಗೆ ಹಾಕಿ ಎತ್ತಿಕೊಂಡ. ಉಳಿದವರೆಲ್ಲ ಬಾರಿನ ಕಡೆ ಹೊರಟರು. ಡಾರಿಲ್ ಗೂಟದಿಂದ ಹಲಗೆ ತೆಗೆದ.

"ಬಾರೋ, ನೀವೇ ಕೊನೆ ಗುಂಪು," ಪಿಂಡಿಲ್ಲಾದ ನಾಯಕ ಕೂಗಿ ಹೇಳಿದ. "ಹಿಂದೆ ಯಾರೂ ಇಲ್ಲ. ಯಾರಿಗೆ ಎಳೀತಿದ್ದೀಯ?"

"ಬೆಳಿಗ್ಗೆ ಲೋರ್ನಾ ಬರ್ತಾಳೆ," ಎಂದ ಡಾರಿಲ್, ತಲೆಯೆತ್ತದೆ. ಕುಳಿಯಿಂದ ಶುರು ಮಾಡಿ, ಹಿಂದಕ್ಕೆ ಹೆಜ್ಜೆಯಿಡುತ್ತಾ, ಸುತ್ತು ಹಾಕುತ್ತಾ ಅಂಚಿಗೆ ಬಂದ. ಬಿಯರ್ ಕುಡಿಯುತ್ತಾ ನಿಂತವರು ಅವನು ಮುಗಿಸುವ ತನಕ ಕಾದರು.

ಕಲ್ಡೂರಾ ಸೋತಿತು, ಆದರೆ ಎಂಟು ಜನರನ್ನು ಕಣಕ್ಕಿಳಿಸಿತು. ಮುಂದಿನ ಪಂದ್ಯ ಆಗಸ್ಟಿನಲ್ಲಿ. ಮೈದಾನಕ್ಕೆ ಕುರಿಗಳು ಸದ್ಯಕ್ಕೆ ಬರುವುದಿಲ್ಲ.

ಭಾನುವಾರ ಎಂದಿನಂತೆ ಲೋರ್ನಾ ಕತ್ತಲಲ್ಲೇ ಎದ್ದು ಬಂದರು. ಎಂಟು ಗ್ರೀನುಗಳನ್ನು ಎಳೆದರು. ಒಂಬತ್ತನೆಯದರ ಬಳಿ ಬಂದಾಗ ಬಿಸಿಲು ಮರಳಿನ ಮೇಲೆ ಓರೆಯಾಗಿ ಬೀಳುತ್ತಿತ್ತು.

"ಒಂದೆರಡು ಕಡೆ ಸ್ವಲ್ಪ ಗೆರೆ ಎದ್ದಿತ್ತು. ನಾನಾದ್ರೆ ಇನ್ನೊಂದು ಸುತ್ತು ಹಾಕ್ತಿದ್ದೆ," ಎನ್ನುತ್ತಾರೆ ಲೋರ್ನಾ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ. "ಹಾಕ್ಲಿಲ್ಲ. ಅವನು ಎಳೆದ ಹಾಗೇ ಬಿಟ್ಟು, ಪಕ್ಕದಲ್ಲಿ ಕೂತು ಚಹಾ ಕುಡಿದೆ."