ಅಮ್ಮನ ಹುಣಸೆಗೊಜ್ಜು

“ಹುಳಿ ಜಾಸ್ತಿಯಾದ್ರೆ ಹೊಟ್ಟೆ ಬೇಗ ಖಾಲಿಯಾಗಲ್ಲ ಅಜ್ಜಿ, ಅದಕ್ಕೇ ಈ ಭಾರ. ಹುಣಸೆಗೊಜ್ಜು ಕಡಿಮೆ ಮಾಡಿ,” ಎಂದರು ಕುವೆಂಪುನಗರದ ಕ್ಲಿನಿಕ್ಕಿನ ಯುವ ವೈದ್ಯೆ.

ಊಟವಾಗಿ ಎಷ್ಟು ಹೊತ್ತಾದರೂ ಹೊಟ್ಟೆ ಭಾರ ಎನ್ನುತ್ತಿದ್ದ ಅಮ್ಮನನ್ನು ನಾನೇ ಕರೆದೊಯ್ದಿದ್ದೆ. ಎಪ್ಪತ್ತೆಂಟರ ಅಮ್ಮ ನಕ್ಕುಬಿಟ್ಟಳು. “ಅದು ನಂಗೊತ್ತು ಕಣಮ್ಮ. ಮಕ್ಳು ಚಿಕ್ಕೋರಿದ್ದಾಗ, ಬೇಗ ಹಸಿವಾಗ್ದೇ ಇರ್ಲಿ ಅಂತಾನೇ ತಿಂತಿದ್ದೆ. ಆಮೇಲೆ ಅದೇ ರೂಢಿಯಾಗೋಯ್ತು.”

ನಾನು ದಂಗಾದೆ. ನಜರ್‌ಬಾದಿನ ನಮ್ಮ ಒಂದೇ ಕೋಣೆಯ ಮನೆ ಕಣ್ಣ ಮುಂದೆ ಬಂತು. ಮೂವರು ಮಕ್ಕಳಿಗೂ ಅನ್ನ, ಸಾರು, ಮಜ್ಜಿಗೆ ಬಡಿಸಿದ ಮೇಲೆ, ಪಾತ್ರೆಯ ತಳದಲ್ಲಿ ಉಳಿದ ಒಂದು ಹಿಡಿ ಅನ್ನಕ್ಕೆ ಅವಳು ಗೊಜ್ಜು ಕಲಸಿಕೊಳ್ಳುತ್ತಿದ್ದಳು. ಹುಳಿಯೆಂದರೆ ಅವಳಿಗೆ ಪ್ರಾಣವೆಂದೇ ನಾವು ನಂಬಿದ್ದೆವು. ಮದುವೆಯಾದ ಮೇಲೂ ಪ್ರತಿ ಬೇಸಿಗೆಯಲ್ಲಿ ನಾನು ಹೊಸ ಹುಣಸೆಹಣ್ಣು ತಂದುಕೊಡುತ್ತಿದ್ದೆ.

ಮನೆಗೆ ಮರಳುವಾಗ ಆಟೊದಲ್ಲಿ ಕೇಳಿದೆ: “ನಿಜವಾಗ್ಲೂ ನಿಂಗೇನಿಷ್ಟಮ್ಮ?”

ನಾಚಿಕೊಂಡು ಹೇಳಿದಳು: “ಗಸಗಸೆ ಪಾಯಸ ಕಣೇ.”

ಅಂದು ಸಂಜೆಯೇ ಮಾಡಿದೆ. ಅವಳು ಎರಡನೇ ಲೋಟಕ್ಕೆ ಕೈ ಚಾಚಿದಾಗ, ಇಷ್ಟು ವರ್ಷ ಇದನ್ನು ಯಾಕೆ ಕೇಳಲಿಲ್ಲವೆಂದುಕೊಳ್ಳುತ್ತಾ ಅದನ್ನು ಅಂಚಿನವರೆಗೂ ತುಂಬಿದೆ.