ಮಂಗೋಲಿಯಾ ವಾರದಲ್ಲಿ ಬಂದ ಕುರಿಗಳು

ಮಗಳಿಗೆ ಮಂಗೋಲಿಯಾ ಕಲಿಸಬೇಕಿದ್ದ ವಾರವೇ ನಮ್ಮ ಹೊಲಕ್ಕೆ ಇನ್ನೂರು ಕುರಿ ಬಂದವು.

ನಾನು ಕರೆಸಿದ್ದಲ್ಲ, ಯಜಮಾನರು ಕರೆಸಿದ್ದು. ರಾಗಿ ಕೊಯ್ಲಾದ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರದ ಚಿಂತೆ ಇರುವುದಿಲ್ಲ. ಸಾತನೂರಿನ ಸುತ್ತಮುತ್ತ ಇದು ಹೊಸದೇನಲ್ಲ. ಕುರಿಯವರಿಗೆ ಬದಲಿಗೆ ರಾಗಿ ಕೊಡುತ್ತೇವೆ.

ನಮ್ಮ ಹೋಮ್‌ಸ್ಕೂಲ್ ಕಥೆ ಹಳೆಯ ಓದುಗರಿಗೆ ಗೊತ್ತು. (ಹೊಸಬರಿಗೆ: ಮಗಳು ಚಾರು, ಹತ್ತು ವರ್ಷ. ಕನಕಪುರದ ಶಾಲೆಗೆ ವ್ಯಾನಿನಲ್ಲಿ ಹೋಗಿ ಬರುವಷ್ಟರಲ್ಲಿ ದಿನಾ ವಾಂತಿ. ಬಿಡಿಸಿ ಒಂದು ವರ್ಷವಾಯಿತು. ಈಗ ಟೀಚರ್ರೂ ನಾನೇ, ಹೆಡ್‌ಮಿಸ್ಸೂ ನಾನೇ.) ಸಂಕ್ರಾಂತಿ ಹೊತ್ತಿಗೆ ಯಜಮಾನರು ಜೂನ್‌ಗೆ ಇವಳನ್ನು ಎಲ್ಲಾದರೂ ಸೇರಿಸೋಣವೇ ಎಂದು ಮೆಲ್ಲಗೆ ಕೇಳಿದರು. ನನಗೆ ಸಿಟ್ಟು ಬಂತು. ಉತ್ತರವಾಗಿ ಒಂದು ಪ್ಲಾನ್ ಬರೆದು ಅವರ ಮುಂದಿಟ್ಟೆ. ವಾರಕ್ಕೊಂದು ದೇಶ, ಅಲ್ಲಿನ ಭೂಗೋಳ, ಅಲ್ಲಿನ ಜನ. ಜೂನ್ ಒಳಗೆ ಹದಿನೆಂಟು ದೇಶ ಮುಗಿಸಿ ತೋರಿಸಿದರೆ ಹೋಮ್‌ಸ್ಕೂಲ್ ಮುಂದುವರಿಯಬೇಕು. ಇಲ್ಲದಿದ್ದರೆ ಅವರು ಹೇಳಿದ ಹಾಗೆ. ಪಂದ್ಯ ಕಟ್ಟಿದವಳು ನಾನೇ.

ಜಪಾನ್ ವಾರದಲ್ಲಿ ಸೋನಾ ಮಸೂರಿ ಅನ್ನಕ್ಕೆ ಸೌತೆಕಾಯಿ ಸುತ್ತಿ ಸುಶಿ ಮಾಡಿದೆವು. ಅತ್ತೆ ಒಂದು ತಿಂದು, ಉಳಿದಿದ್ದಕ್ಕೆ ಒಗ್ಗರಣೆ ಹಾಕಿದರು. ಈಜಿಪ್ಟ್ ವಾರದಲ್ಲಿ ಥರ್ಮಾಕೋಲಿನ ಪಿರಮಿಡ್ಡು. ಬಣವೆ ಚೆನ್ನಾಗಿದೆ ಎಂದರು ಯಜಮಾನರು. ಇರಲಿ.

ಪ್ರತಿ ದೇಶಕ್ಕೂ ಒಂದು ವರ್ಕ್‌ಶೀಟ್. ಅದರಲ್ಲಿ ಐದು ಬಾಕ್ಸ್: ಮನೆ, ಊಟ, ಬಟ್ಟೆ, ಹಬ್ಬ, ಕೊನೆಗೆ ‘ನಮ್ಮ ಬಗ್ಗೆ ಅವರಿಗೆ ಏನು ವಿಚಿತ್ರ ಅನಿಸಬಹುದು?’ (ಈ ಕೊನೆಯದು ನನ್ನ ಸ್ವಂತ ಐಡಿಯಾ. ಬೇರೆಯವರಿಗೂ ಕಣ್ಣಿದೆ ಎಂದು ಮಗುವಿಗೆ ಗೊತ್ತಾಗಲಿ ಅಂತ. ಎಷ್ಟು ಹೆಮ್ಮೆ ಪಟ್ಟಿದ್ದೆ!) ಆದರೆ ಜಪಾನಿನವರನ್ನು ಎಲ್ಲಿ ಹೋಗಿ ಕೇಳುವುದು? ಅದನ್ನೂ ನಾವೇ ಊಹಿಸಿ ತುಂಬುತ್ತಿದ್ದೆವು.

ಮಂಗೋಲಿಯಾದ ಪಾಠವೇ ಅಲೆಮಾರಿ ಕುರಿಗಾರರದ್ದು. ಎದುರಿಗೆ ಕುರಿಗಾರರೇ ಬಂದಿದ್ದಾರೆ. ಬಿಡುವುದುಂಟೇ? ಹೊಸ ಶೀಟ್ ಪ್ರಿಂಟ್ ತೆಗೆದೆ. ಸಂಜೆ ಐದಕ್ಕೆ ಚಾರು ಪೆನ್ಸಿಲ್ ಹಿಡಿದು ಹೊರಟಳು, ಫೋಟೋ ತೆಗೆಯಲು ನಾನು ಹಿಂದೆ.

ಹೊಲದಲ್ಲಿ ಕುರಿಯವರ ಕೆಂಪಮ್ಮ ಮೂರು ಕಲ್ಲಿನ ಒಲೆ ಹೂಡುತ್ತಿದ್ದಳು. ಕುದೂರಿನ ಕಡೆಯ ಹೆಂಗಸು, ನನ್ನ ವಯಸ್ಸೇ ಇರಬೇಕು. ಗಂಡ ಕುರಿಗಳ ಸುತ್ತ ಬಲೆ ಕಟ್ಟುತ್ತಿದ್ದ. ಚಾರು ಮನೆ ಹೇಗಿದೆ ಎಂದು ಕೇಳಿದಳು. ಊರಲ್ಲಿ ಆರ್‌ಸಿಸಿ ಮನೆ ಇದೆ, ಮೇಲೊಂದು ರೂಮು ಹಾಕಿಸುತ್ತಿದ್ದೇವೆ ಎಂದಳು ಕೆಂಪಮ್ಮ. ಮಗಳು ನನ್ನ ಮುಖ ನೋಡಿದಳು. ಆ ಬಾಕ್ಸಿನಲ್ಲಿ ನಾನು ಮೊದಲೇ ‘ಟೆಂಟ್’ ಎಂದು ಬರೆದಿಟ್ಟಿದ್ದೆ. ಅಳಿಸಬೇಕಾಯಿತು.

ಊಟ? ಮುದ್ದೆ, ಉಪ್ಸಾರು. ನಮ್ಮದೂ ಅದೇ. ಹಬ್ಬ? ನಮ್ಮವೇ. ಬಟ್ಟೆ? ‘ಅಜ್ಜಿ ಥರ ಸೀರೆ, ಮೇಲೆ ಅಪ್ಪನ ಥರ ಶರ್ಟು’ ಎಂದು ಚಾರು ತಾನೇ ನೋಡಿ ಬರೆದಳು. ನನಗೆ ಒಳಗೊಳಗೇ ನಿರಾಸೆ. ಯೋಚಿಸಿ ನೋಡಿ, ನಾವು ಬೇರೆಯವರನ್ನು ಕೇಳುವ ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡಿರುತ್ತೇವೆ?

ಉಳಿದದ್ದು ಕೊನೆಯ ಬಾಕ್ಸ್. “ಆಂಟಿ, ನಮ್ಮ ಬಗ್ಗೆ ನಿಮಗೇನು ವಿಚಿತ್ರ ಅನ್ಸುತ್ತೆ?” ಎಂದು ಕೇಳಿದಳು ಚಾರು.

ಕೆಂಪಮ್ಮ ನಕ್ಕು, ಮೊದಲು ನೀನು ಯಾವ ಕ್ಲಾಸು ಹೇಳು ಎಂದಳು. ಮಗಳು ಮನೆಯಲ್ಲೇ ಓದುವುದಾಗಿಯೂ, ಅಮ್ಮನೇ ಪಾಠ ಮಾಡುವುದಾಗಿಯೂ ವಿವರಿಸಿದಳು. ಸ್ಕೂಲು ದೂರವೇ ಎಂದು ಕೆಂಪಮ್ಮ ನನ್ನನ್ನು ಕೇಳಿದಳು. ನಿಂತಲ್ಲಿಂದಲೇ ಊರಿನ ಸರ್ಕಾರಿ ಶಾಲೆಯ ಕಾಂಪೌಂಡು ಕಾಣುತ್ತಿತ್ತು. ಕನಕಪುರದ ಶಾಲೆ ಬಿಡಿಸಿದಾಗ ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಯಾಕೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಆಮೇಲೆ ಅವಳೇ ತನ್ನ ಮಗಳ ವಿಷಯ ತೆಗೆದಳು. ಐದನೇ ಕ್ಲಾಸು, ಮಾಗಡಿಯಲ್ಲಿ ಹಾಸ್ಟೆಲು. ಭಾನುವಾರ ವಾರ್ಡನ್ ಫೋನಿನಿಂದ ಮಾತಾಡುತ್ತಾಳೆ.

“ಇವತ್ತು ಯಾವೂರಲ್ಲಿದೀಯವ್ವ ಅಂತಾಳೆ. ನಾನು ಊರೆಸ್ರು ಯೋಳ್ತೀನಿ. ಅವ್ಳು ಪುಸ್ತಕದ ಮ್ಯಾಪಲ್ಲಿ ನಾನಿರೋ ತಾವಕ್ಕೆ ಗೀಟು ಎಳ್ಕತಾಳೆ” ಎಂದಳು.

ನನ್ನ ಹದಿನೆಂಟು ದೇಶಗಳ ಪ್ಲಾನಿನಲ್ಲಿ ಮ್ಯಾಪನ್ನು ಅಷ್ಟು ಆಸೆಯಿಂದ ನೋಡುವ ಪಾಠ ಒಂದೂ ಇರಲಿಲ್ಲ.

ಕೆಂಪಮ್ಮ ಒಲೆಗೆ ಸೌದೆ ಒಟ್ಟಿದಳು. “ನಾನು ಕುರಿ ಇಂದೆ ಓಗ್ಬೇಕು, ಅದ್ಕೆ ಮಗ್ಳನ್ನ ಬುಟ್ಟಿದೀನಿ. ನೀವು ಎಲ್ಲೂ ಓಗಲ್ಲ, ಇಸ್ಕೂಲು ಅಲ್ಲೇ ಐತೆ. ಆದ್ರೂ ಈ ಮಗೀಗೆ ಜೊತೆಗೆ ಯಾರೂ ಇಲ್ಲ. ಅದೊಂದು ಒಸಿ ಇಚಿತ್ರ ಕಣವ್ವ.”

ನನಗೆ ಅವಮಾನವಾಯಿತು. ಕುರಿ ಮೇಯಿಸುವವಳು ನನಗೆ ಹೇಳುವುದೇ ಎಂದು ಒಂದು ಕ್ಷಣ ಅನಿಸಿದ್ದನ್ನೂ ಮುಚ್ಚಿಡುವುದಿಲ್ಲ. ಸ್ವಂತ ವೇಗದಲ್ಲಿ ಕಲಿಕೆ, ಮಗುವಿನ ಆಸಕ್ತಿ ಅಂತೆಲ್ಲ ನೆಂಟರಿಗೆ ಕೊಡುವ ಭಾಷಣ ನಾಲಿಗೆ ತುದಿಯಲ್ಲಿತ್ತು. ಕೊಡಲಿಲ್ಲ. ಚಾರು ಇವತ್ತು ಹೋದ ವರ್ಷಕ್ಕಿಂತ ಚೆನ್ನಾಗಿ ಓದುತ್ತಾಳೆ, ಬರೆಯುತ್ತಾಳೆ, ಅದು ಸುಳ್ಳಲ್ಲ. ಆದರೆ ಕೆಂಪಮ್ಮ ಅದನ್ನು ಕೇಳಿರಲಿಲ್ಲವಲ್ಲ.

ನಾಲ್ಕು ರಾತ್ರಿ ಕಳೆದ ಬೆಳಗ್ಗೆ ಬಲೆ ಬಿಚ್ಚಿ, ರಾಗಿ ಚೀಲ ಕತ್ತೆಯ ಮೇಲೆ ಹೇರಿ ಅವರು ಹೊರಟರು. ಚಾರು ರಸ್ತೆಯವರೆಗೂ ಹೋಗಿ, ಮುಂದೆ ಯಾವ ಊರು ಎಂದು ಕೇಳಿಕೊಂಡು ಬಂದಳು. ಆಮೇಲೆ ಒಳಗೆ ಕೂತು ಶೀಟ್ ಮುಗಿಸಿ ನನ್ನ ಟೇಬಲ್ ಮೇಲಿಟ್ಟಳು.

ಕೊನೆಯ ಬಾಕ್ಸಿನಲ್ಲಿ ಹೀಗಿತ್ತು: ‘ನನಗೆ ಕ್ಲಾಸ್‌ಮೇಟ್ಸ್ ಇಲ್ಲ ಅನ್ನೋದು ಅವರಿಗೆ ವಿಚಿತ್ರ ಅನಿಸಿತು.’ ಕೆಳಗೆ, ಬಾಕ್ಸಿನ ಹೊರಗೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಪದ: ‘ನನಗೂ.’

ಪ್ರತಿ ಶೀಟಿಗೂ ನಾನು ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡುತ್ತೇನೆ. ಇದಕ್ಕೆ ಎಷ್ಟು ಕೊಡಲಿ, ನೀವೇ ಹೇಳಿ?